ಪುತಸ, ಮಕನಕು

ನನ್ನ ಕಸುಬು ತಿರುಗುಮುರುಗು.
ಎಡಕ್ಕೆ ಕೊರೆದದ್ದು ಬಲಕ್ಕೆ ಮೂಡುತ್ತದೆ, ತಗ್ಗು ಉಬ್ಬಾಗುತ್ತದೆ,
ಅರಸನ ಮೂಗು ನನ್ನ ಅಚ್ಚಿನಲ್ಲಿ ಒಂದು ಗುಳಿ.
ನಲವತ್ತು ವರ್ಷ ಹೀಗೇ ಕೂತು ಕೂತು
ಕಣ್ಹಬೆಣ್ಣಾ ಹೊಳೆಯೂ ಮೇಲಕ್ಕೆ ಹರಿಯುತ್ತದೆಂದು
ನಸುಕಿನ ಅರೆನಿದ್ದೆಯಲ್ಲಿ ಅನಿಸುವುದುಂಟು.

ಸೇಣಿಯ ಹಿರಿಯ ಟಂಕಸಾಲೆಗೆ ಬಂದು ಹೇಳಿದ:
"ಹಂಘ, ಈ ಸಲ ಬೆಳ್ಳಿಗೆ ಎರಡು ನಾಲಗೆ.
ಮುಂದೆ ನಮ್ಮ ಮಾತು, ಹಿಂದೆ ದಮಿಳರದು.
ಮುತ್ತು ತರುವವರು, ಮೆಣಸು ತರುವವರು
ತಮ್ಮ ಮಾತು ಕಂಡರೆ ಒಂದು ಹಿಡಿ ಹೆಚ್ಚು ಅಳೆದಾರು."
ಅಳೆಯುತ್ತಾರೋ ಇಲ್ಲವೋ. ಬೆಳ್ಳಿಯಂತೂ ಯವನರದೇ.
ಎಲೆಮಾಲೆ ತೊಟ್ಟ ಯಾರದೋ ತಲೆ ಮೂಸೆಯಲ್ಲಿ ಕರಗುವಾಗ
ಕೊನೆಗೆ ಉಳಿಯುವುದು ಕಿವಿ. ನಾನು ನೋಡಿದ್ದೇನೆ.

ದಮಿಳರ ಮಾತು ನನಗೆಲ್ಲಿಂದ ಬರಬೇಕು?
ಹೊಳೆದಂಡೆಯಲ್ಲಿ ಚಾತ್ತಿ ಇದ್ದಳು,
ಕೊರ್ಕೈಯಿಂದ ಗಂಡನೊಡನೆ ಬಂದು, ಗಂಡನನ್ನು ಜ್ವರಕ್ಕೆ ಕೊಟ್ಟು,
ತಕ್ಕಡಿಯನ್ನು ಮಾತ್ರ ಯಾರಿಗೂ ಕೊಡದೆ ಉಳಿದವಳು.
ಒಡೆದ ಮಡಕೆಯ ಓಡಿನ ಮೇಲೆ ಇದ್ದಿಲಿನಿಂದ ಬರೆದಳು:
ಮ, ಮೀನು ಬಾಯಿ ತೆರೆದಂತೆ. ನಮ್ಮದೂ ಹಾಗೇ.
ಕ, ನಾಲ್ಕು ದಾರಿ ಕೂಡಿದಂತೆ. ಅದೂ ನಮ್ಮದೇ.
"ಇದು ಮಾತ್ರ," ಎಂದಳು, "ನಿಮ್ಮ ನ ಅಲ್ಲ."
ನಿಂತ ಕೋಲಿನ ತುದಿಗೆ ಒಂದು ಕೊಕ್ಕೆ.
"ನಾಲಗೆಯನ್ನು ಹಲ್ಲಿನಿಂದ ಎಳ್ಳುಕಾಳಿನಷ್ಟು ಹಿಂದಕ್ಕೆ ತಾ."
ತಂದೆ. ತಪ್ಪಿತು. ನಕ್ಕಳು. ಇನ್ನೊಮ್ಮೆ ಎಂದಳು.
ಹೊತ್ತು ಮುಳುಗುವವರೆಗೆ ಎರಡು ಮುದಿ ಬಾಯಿಗಳು
ಮಕನ್, ಮಕನ್ ಎನ್ನುತ್ತ ಕೂತಿದ್ದೆವು,
ಅಗಸರ ಹುಡುಗರು ಒಗೆಯುವ ಕಲ್ಲೇರಿ ಅಣಕಿಸಿದರು.

ಮುಂಬದಿಗೆ ಪುತಸ. ಮಗನದು.
ಇಂಥ ತಾಯಿಯ ಮಗನದು ಈ ನಾಣ್ಯ, ಎಂದರ್ಥ.
ಅರಸನಾದರೇನು, ಮೊದಲು ತಾಯಿಯ ಹೆಸರು.
ಹಿಂಬದಿಗೆ ಮಕನಕು. ಅದೂ ಮಗನದೇ ತಾನೆ, ಎಂದೆ.
ಚಾತ್ತಿ ತಲೆಯಾಡಿಸಿದಳು, ಹೌದೂ ಅಲ್ಲ, ಅಲ್ಲವೂ ಅಲ್ಲ.
"ನಮ್ಮ ಕಿವಿಗೆ ಅದು 'ಮಗನಿಗೆ' ಎಂದೂ ಕೇಳುತ್ತದೆ.
ಬುತ್ತಿ ಕಟ್ಟುವಾಗ ಅನ್ನುವುದಿಲ್ಲವೇ, ಇದು ಮಗನಿಗೆ."

ನನ್ನ ಚುಲಣಾಗ ಊರಲ್ಲೇ ಇದ್ದಾನೆ.
ಎರಡು ಕೂಗಿನ ದೂರ, ಬಿಳಿಗಲ್ಲಿನ ಮಹಾಚೇತಿಯದ ಬಳಿ,
ತಲೆ ಬೋಳಿಸಿಕೊಂಡು. ಬೆಳ್ಳಿ ಮುಟ್ಟುವಂತಿಲ್ಲ ಅವನು.
ಬೆಳಿಗ್ಗೆ ಪಾತ್ರೆ ಹಿಡಿದು ನಮ್ಮ ಓಣಿಗೂ ಬರುತ್ತಾನೆ.
ನಾನು ಕೈ ತಿಕ್ಕಿ ತೊಳೆದೇ ಅನ್ನ ಹಾಕುತ್ತೇನೆ.
ಉಗುರಿನ ಸಂದಿಯ ಬೆಳ್ಳಿಪುಡಿ ಅನ್ನಕ್ಕೆ ಬಿದ್ದರೆ
ದೋಷ ಯಾರದು ಎಂದು ಕೇಳಿಲ್ಲ.
ಅವನು ನನ್ನ ಮುಖ ನೋಡುವುದಿಲ್ಲ, ಪಾತ್ರೆ ನೋಡುತ್ತಾನೆ.
ಅದು ಅವರ ನಿಯಮವಂತೆ.

ಆ ರಾತ್ರಿ ಎಣ್ಣೆದೀಪದಲ್ಲಿ ಕೊಕ್ಕೆ ಕೊರೆದೆ.
ತಿರುಗಿಸಲು ಮರೆತೆ.
ನಲವತ್ತು ವರ್ಷದಲ್ಲಿ ಒಮ್ಮೆ, ಅವಳು ಬರೆದ ಹಾಗೇ ಕೊರೆದುಬಿಟ್ಟೆ.
ನಾನು ಎದ್ದು ಬರುವಷ್ಟರಲ್ಲಿ ಆರುನೂರು ಹೊಡೆದಾಗಿತ್ತು,
ಆರುನೂರರಲ್ಲೂ ಆ ಒಂದಕ್ಷರ
ಮುಂದಿನದಕ್ಕೆ ಬೆನ್ನು ಹಾಕಿ ನಿಂತಿತ್ತು.
ಹಿರಿಯನಿಗೆ ತಿಳಿಯಲಿಲ್ಲ. ದಮಿಳರದು, ಹೀಗೇ ಇರಬೇಕು, ಎಂದುಕೊಂಡ.

ಮುತ್ತಿನ ಬಾಬ್ತು ಚಾತ್ತಿಗೆ ಮೊದಲ ಕಾಹಾಪಣ ಸಂದ ದಿನ
ನಾನು ಬಾಗಿಲಲ್ಲೇ ನಿಂತಿದ್ದೆ, ಏನನ್ನುತ್ತಾಳೋ ಎಂದು.
ಕಚ್ಚಿದಳು. ಕಲ್ಲಿಗೆ ಕುಟ್ಟಿ ದನಿ ಕೇಳಿದಳು.
ಒಂದು ತಟ್ಟೆಗೆ ಅದನ್ನಿಟ್ಟು
ಇನ್ನೊಂದಕ್ಕೆ ಗುಲಗಂಜಿ, ಒಂದೊಂದೇ, ಉಸಿರು ಹಿಡಿದು.
ಓದಲಿಲ್ಲ.
"ಒಂದು ಗುಲಗಂಜಿ ಕಡಿಮೆ," ಎಂದಳು.
"ಯಾರ ಮಗನೋ, ಆ ತಾಯಿಗೆ ಹೋಗಿ ಹೇಳು."